ಹಸಿರು ರೇಟಿಂಗ್ ಕೊಡುವವರು ತೋಟಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಇಂಥ ಕಂಪನಿಗೆ ಪರಿಸರದ ವಿಷಯದಲ್ಲಿ ಒಳ್ಳೆಯ ರೇಟಿಂಗ್ ಸಿಕ್ಕಿತು, ಇನ್ನೊಂದು ಕಂಪನಿ ಗ್ರೀನ್ ಬಾಂಡ್‌ನಿಂದ, ಅಂದರೆ ಪರಿಸರದ ಕೆಲಸಕ್ಕೆಂದು ಎತ್ತುವ ಸಾಲಪತ್ರದಿಂದ, ಕೋಟಿಗಟ್ಟಲೆ ಹಣ ಎತ್ತಿತು ಎಂಬ ಸುದ್ದಿ ವಾಣಿಜ್ಯ ಪುಟದಲ್ಲಿ ಆಗಾಗ ಬರುತ್ತದೆ. ಆ ಅಂಕ ಕೊಟ್ಟವರು ಯಾರು, ಅವರಿಗೆ ಶುಲ್ಕ ಕೊಟ್ಟವರು ಯಾರು ಎಂಬುದನ್ನೂ ಜೊತೆಗೇ ಬರೆಯಿರಿ ಎಂದು ಕೇಳಲು ಈ ಪತ್ರ.

ಕೊಡಗಿನವರಿಗೆ ಇದು ದೂರದ ವಿಷಯ ಅಲ್ಲ. ಕಾಫಿ ಮಾರುವ ಕಂಪನಿ ತನ್ನ ಕಾರ್ಖಾನೆ ಮೇಲೆ ಸೋಲಾರ್ ಹಾಕಿದರೆ ಅದು ವರದಿಯಲ್ಲಿ ಬರುತ್ತದೆ. ಆದರೆ ಕಾಫಿಯಿಂದ ಪರಿಸರಕ್ಕೆ ಆಗುವ ಒಳಿತು ಕೆಡುಕು ಜಾಸ್ತಿ ಇರುವುದು ಇಲ್ಲಿ, ತೋಟದಲ್ಲಿ. ಪಲ್ಪಿಂಗ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದ ನೀರನ್ನು, ಶುದ್ಧ ಮಾಡದೆ ತೋಡಿಗೆ ಬಿಟ್ಟರೆ ಅದು ಹುಳಿತು, ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ, ಕೆಳಗಿನ ಊರಿನವರು ಅದೇ ನೀರನ್ನು ಬಳಸಬೇಕು. ಹಲಸು, ಅತ್ತಿ, ನಂದಿ ಇದ್ದ ಕಡೆ ಬರೀ ಸಿಲ್ವರ್ ಓಕ್ ನಿಲ್ಲಿಸಿದರೂ ದೂರದಿಂದ ನೋಡಿದವರಿಗೆ ತೋಟ ಹಸಿರೇ. ಹಣ್ಣು ತಿನ್ನುವ ಹಕ್ಕಿಗಳಿಗೆ ಎರಡೂ ಒಂದೇ ಅಲ್ಲ. ಲೈನ್ ಮನೆಗಳಲ್ಲಿ ಕಾರ್ಮಿಕರು ಹೇಗಿದ್ದಾರೆ ಎಂಬ ಪ್ರಶ್ನೆಯೂ ಇದೆ.

ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ ಇಂಥ ವಿಷಯಗಳ ವರದಿ ಕೊಡಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ, ಅದು ಒಳ್ಳೆಯದೇ. ಆದರೆ ಮಾಲು ಪೂರೈಸುವವರ ಕಡೆ ಏನಾಗುತ್ತಿದೆ ಎಂಬ ವಿವರವನ್ನು 2024ರ ಡಿಸೆಂಬರ್‌ನಲ್ಲಿ ಸೆಬಿಯೇ ಐಚ್ಛಿಕ ಮಾಡಿಬಿಟ್ಟಿತು. ನನ್ನ ಪ್ರಕಾರ ಇದು ದೊಡ್ಡ ತಪ್ಪು. ತೋಟವನ್ನೇ ಬಿಟ್ಟು ಕಾಫಿ ಕಂಪನಿಯನ್ನು ಅಳೆಯುವುದು ಹೇಗೆ?

ಇನ್ನು ರೇಟಿಂಗ್. ಎಷ್ಟೋ ರೇಟಿಂಗ್‌ಗಳು ನೋಡುವುದು ಪರಿಸರದ ತೊಂದರೆಯಿಂದ ಕಂಪನಿಯ ಲಾಭಕ್ಕೆ ಎಷ್ಟು ಪೆಟ್ಟು ಬೀಳಬಹುದು ಎಂದು. ಕಂಪನಿಯಿಂದ ಹೊಳೆಗೆ, ಕಾಡಿಗೆ ಎಷ್ಟು ಪೆಟ್ಟು ಎಂಬುದು ಬೇರೆಯೇ ಲೆಕ್ಕ. ಸಂಸ್ಥೆಗಳ ನಡುವೆಯೂ ಹೊಂದಾಣಿಕೆ ಇಲ್ಲ. ಆರು ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳ ತಾಳೆ ಸರಾಸರಿ 0.54 ಮಾತ್ರ, ಪೂರ್ತಿ ತಾಳೆಯಾದರೆ ಅದು 1 ಆಗಬೇಕಿತ್ತು. ಮೇಲಾಗಿ ಅಂಕ ಪಡೆಯುವ ಕಂಪನಿಯೇ ಶುಲ್ಕ ಕೊಡುವ ಪದ್ಧತಿಗೂ ಸೆಬಿಯ 2023ರ ನಿಯಮದಲ್ಲಿ ಅವಕಾಶ ಇದೆ. ಹೂಡಿಕೆದಾರರೇ ಶುಲ್ಕ ಕೊಡುವ ದಾರಿ ಇದ್ದೂ ಇದನ್ನು ಯಾಕೆ ಉಳಿಸಿಕೊಂಡರೋ ಗೊತ್ತಿಲ್ಲ.

ಗ್ರೀನ್ ಬಾಂಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರವೇ 2023ರ ಜನವರಿ, ಫೆಬ್ರವರಿಯಲ್ಲಿ ಇಂಥ ಬಾಂಡ್‌ನಿಂದ 16,000 ಕೋಟಿ ರೂಪಾಯಿ ಎತ್ತಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋಗಿದ್ದನ್ನು ನೋಡಿದ ನಮ್ಮ ಜಿಲ್ಲೆಗೂ ಇಂಥ ಹಣ ಬೇಕು. ಆದರೆ ಗಿಡ ನೆಟ್ಟೆವು ಎಂದರೆ ಯಾವ ಊರಲ್ಲಿ, ಯಾವ ಜಾತಿಯ ಗಿಡ, ಮೂರು ಮಳೆಗಾಲ ಕಳೆದ ಮೇಲೆ ಎಷ್ಟು ಬದುಕಿವೆ ಎಂದು ಹೇಳಬೇಕು ಅಲ್ವಾ? ಕಾಡು ಕಡಿದು ಬೆಳೆದ ಮಾಲನ್ನು ತಡೆಯುವ ಯುರೋಪಿನ ಹೊಸ ಕಾಯ್ದೆ ಜಾರಿಯಾಗುವುದು ತಡವಾಗುತ್ತಿದೆ, ನಿಜ. ಆದರೂ ಅದರ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಯಾವ ಜಾಗದಲ್ಲಿ ಬೆಳೆದಿದ್ದು ಎಂದು ನಕ್ಷೆಯಲ್ಲಿ ತೋರಿಸಬೇಕು, ಆ ಜಾಗ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದದ್ದಾಗಿರಬಾರದು. ಎರಡು ಎಕರೆ ಬೆಳೆಗಾರನಿಂದ ಇಷ್ಟು ಕೇಳುವಾಗ, ಬಾಂಡ್ ಹಣ ಖರ್ಚಾದ ಜಾಗವನ್ನು ಕಂಪನಿಗಳೂ ಹಾಗೆಯೇ ನಕ್ಷೆಯಲ್ಲಿ ತೋರಿಸಲಿ, ಕನ್ನಡದಲ್ಲಿ ತೋರಿಸಲಿ. ನಿಮ್ಮ ವರದಿಗಾರರು ಆ ಜಾಗಕ್ಕೆ ಹೋಗಿ ನೋಡಿ ಬರೆಯಲಿ.

ಒಬ್ಬ ಕಾಫಿ ಬೆಳೆಗಾರ
ಪೊನ್ನಂಪೇಟೆ ತಾಲ್ಲೂಕು, ಕೊಡಗು