ಎಡಗೈ ಆಟಗಾರ್ತಿಯ ಚೆಂಡಿಗೆ ಬಲಗೈ ಲೇಔಟ್: ಮತ್ತೆ ಕೊರೆದುಕೊಡುವ ಬಗ್ಗೆ ದೂರು

ಇವರಿಗೆ:
ವ್ಯವಸ್ಥಾಪಕರು,
ಬೌಲಿಂಗ್ ಚೆಂಡು ಮಾರಾಟ ಮತ್ತು ಡ್ರಿಲ್ಲಿಂಗ್ ಮಳಿಗೆ,
ಬೆಂಗಳೂರು

ಇವರಿಂದ:
ಲೇತ್ ವರ್ಕ್‌ಶಾಪ್ ಮಾಲೀಕ,
ಅಂತರಸನಹಳ್ಳಿ ಕೈಗಾರಿಕಾ ಪ್ರದೇಶ,
ತುಮಕೂರು

ವಿಷಯ: ನಿಮ್ಮಲ್ಲಿ ಕೊಂಡ 14 ಪೌಂಡಿನ ಚೆಂಡಿನ ತಪ್ಪು ಡ್ರಿಲ್ಲಿಂಗ್ ಕುರಿತು.

ಮಾನ್ಯರೇ,

ನನ್ನ ಮಗಳಿಗಾಗಿ ನಿಮ್ಮ ಮಳಿಗೆಯಲ್ಲಿ ಕೊಂಡು, ಅಲ್ಲೇ ತೂತು ಕೊರೆಸಿದ ಚೆಂಡಿನ ವಿಚಾರವಾಗಿ ನಿಮಗೆ ಮೂರನೇ ಸಲ ತಿಳಿಸುತ್ತಿದ್ದೇನೆ. ಚೆಂಡು ತಿರುಗುತ್ತಿಲ್ಲ ಎಂದು ಮೊದಲೆರಡು ಸಲ ಫೋನಿನಲ್ಲಿ ಹೇಳಿದ್ದೆ. ಎರಡು ಸಲವೂ ನಿಮ್ಮ ಡ್ರಿಲ್ಲರ್ ಕೊಟ್ಟ ಉತ್ತರ ಒಂದೇ: "ಹುಡುಗಿಯ ಕೈಯಲ್ಲಿ ತಿರುವು ಸಾಲದು ಸಾರ್, ಅಭ್ಯಾಸವಾದರೆ ಸರಿಹೋಗುತ್ತದೆ." ಆ ಮಾತನ್ನು ಫೋನಿನ ಪಕ್ಕದಲ್ಲೇ ಕುಳಿತಿದ್ದ ಮಗಳೂ ಕೇಳಿಸಿಕೊಂಡಳು. ಅಂದಿನಿಂದ ಎರಡು ಭಾನುವಾರ ಅವಳು ಬೆಂಗಳೂರಿನ ರೈಲು ಹತ್ತಲಿಲ್ಲ. ಹಾಗಾಗಿ ಈ ಸಲ ಕಾಗದದಲ್ಲಿ ಬರೆಯುತ್ತಿದ್ದೇನೆ.

ನಾನು ಬೌಲಿಂಗ್ ಆಡುವವನಲ್ಲ. ಆದರೆ ತೂತು ಕೊರೆಯುವುದೇ ನನ್ನ ಹೊಟ್ಟೆಪಾಡು. ಡ್ರಾಯಿಂಗಿನಲ್ಲಿ ಎಡಕ್ಕೆ ತೋರಿಸಿದ ತೂತನ್ನು ಬಲಕ್ಕೆ ಕೊರೆದರೆ ಆ ಜಾಬ್ ಏನಾಗುತ್ತದೆ, ಅದರ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮಗಳು ಎಡಚಿ. ಊಟದ ಎಲೆಯ ಮುಂದೆ ಅವಳ ಅಜ್ಜಿಯಿಂದ ಎಷ್ಟು ಬೈಸಿಕೊಂಡಿದ್ದಾಳೋ ಲೆಕ್ಕವಿಲ್ಲ. ಚೆಂಡು ಕೊಂಡ ದಿನ ನಿಮ್ಮ ಡ್ರಿಲ್ಲರ್ ಅವಳಿಂದ ಮೂರು ಸಲ ಚೆಂಡು ಎಸೆಸಿ, ಲೇನಿಗೆ (ಚೆಂಡು ಉರುಳುವ ಹಾದಿಗೆ) ಬಳಿದ ಎಣ್ಣೆ ಅದರ ಮೇಲೆ ಕೂತ ಗೆರೆಯನ್ನು ಮೇಣದ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡರು. ಚೆಂಡು ಕೈಬಿಟ್ಟ ಕ್ಷಣದಲ್ಲಿ ಯಾವ ಅಕ್ಷದ ಮೇಲೆ ಸುತ್ತುತ್ತದೋ ಅದರ ತುದಿ, ಅಂದರೆ ನೀವು ಪಿಎಪಿ ಎನ್ನುವ ಬಿಂದು, ಹಿಡಿತದ ನಡುವಿನಿಂದ ಎಡಕ್ಕೆ 5 ಇಂಚಿನಲ್ಲಿದೆ ಎಂದು ಬರೆದುಕೊಂಡರು. ಚೆಂಡಿನೊಳಗಿನ ಗಟ್ಟಿ ತಿರುಳಾದ ಕೋರ್‌ನ ತಲೆ ಎಲ್ಲಿದೆ ಎಂದು ತೋರಿಸುವ ಬಣ್ಣದ ಚುಕ್ಕೆಯನ್ನು, ನಿಮ್ಮ ಭಾಷೆಯಲ್ಲಿ ಪಿನ್ ಅನ್ನು, ಆ ಬಿಂದುವಿನಿಂದ 4.5 ಇಂಚು ದೂರಕ್ಕೆ, ಉಂಗುರ ಬೆರಳಿನ ತೂತಿನ ಹೊರಮಗ್ಗುಲಿಗೆ ತುಸು ಮೇಲೆ ಬರುವಂತೆ ಇಡುವುದಾಗಿ ಹೇಳಿದರು. ಜಾಬ್ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ "ಎಡಗೈ" ಎಂದು ಬರೆದು ಕೆಳಗೆ ಗೆರೆ ಎಳೆದದ್ದೂ ಅವರೇ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. ಅಲ್ಲಿಯವರೆಗಿನ ಕೆಲಸದಲ್ಲಿ ಒಂದು ಕೊಂಕೂ ಇಲ್ಲ.

ಈಗ ಚೆಂಡನ್ನು ನೋಡಿ. ಚುಕ್ಕೆ ಇರುವುದು ಮಧ್ಯದ ಬೆರಳಿನ ತೂತಿನ ಹೊರಮಗ್ಗುಲಿನಲ್ಲಿ! ಎಡಗೈ ಆಟಗಾರರ ಮಧ್ಯದ ಬೆರಳಿನ ತೂತು ಬಲಬದಿಗೆ ಬರುತ್ತದೆ. ಅಂದರೆ ತೂತುಗಳನ್ನು ಎಡಗೈಗೆ ಕೊರೆದು, ಲೇಔಟನ್ನು, ಅಂದರೆ ತೂತುಗಳಿಗೆ ಹೋಲಿಸಿ ಪಿನ್ ಎಲ್ಲಿ ಬರಬೇಕೆಂಬ ಗುರುತನ್ನು, ಮಾತ್ರ ಬಲಗೈಯವರಿಗೆ ಹಾಕುವಂತೆ ಹಾಕಿದ್ದಾರೆ. ಕನ್ನಡಿಯಲ್ಲಿ ಕಂಡಂತೆ ಮಗುಚಬೇಕಿದ್ದುದನ್ನು ಮಗುಚಿಲ್ಲ. ಬಗ್ಗುವ ಟೇಪನ್ನು ಚೆಂಡಿನ ಮೈಗೆ ಒತ್ತಿ ಹಿಡಿದು ನಾನೇ ಅಳೆದೆ. ಪಿನ್‌ನಿಂದ ಪಿಎಪಿಗೆ 6 ಇಂಚು 3 ನೂಲು. ನಮ್ಮ ಹುಡುಗನ ಕೈಯಲ್ಲೂ ಒಮ್ಮೆ ಅಳೆಸಿದೆ, ಅಷ್ಟೇ ಬಂತು. (ನಮ್ಮಲ್ಲಿ ಇಂಚಿಗೆ ಎಂಟು ನೂಲು.)

4.5 ಎಲ್ಲಿ, 6 ಇಂಚು 3 ನೂಲು ಎಲ್ಲಿ? ಚೆಂಡಿನ ಸುತ್ತಳತೆ ಸುಮಾರು 27 ಇಂಚು. ಅದರ ಕಾಲುಭಾಗ 6.75. ಪಿನ್ ಆ ದೂರದಲ್ಲಿದ್ದರೆ ಒಳಗಿನ ಕೋರ್ ಅಡ್ಡ ಮಲಗಿ ಲಾಗ ಹಾಕಿದಂತೆ ಉರುಳುತ್ತದೆ, ಚೆಂಡು ಓಲಾಡುವುದಿಲ್ಲ. ಪಿನ್ ಪಿಎಪಿಯ ಮೇಲೆಯೇ ಕೂತರೂ ಅಷ್ಟೇ, ನೆಟ್ಟಗೆ ನಿಂತ ಬುಗುರಿಯ ಹಾಗೆ ಅಲುಗದೆ ಸುತ್ತುತ್ತದೆ. ಎರಡರ ನಡುಮಧ್ಯೆ, 3 ಇಂಚು 3 ನೂಲಿನಲ್ಲಿ, ಕೋರ್ ಓರೆಯಾಗಿ ನಿಂತು ಓಲಾಟ ಅತಿ ಹೆಚ್ಚಾಗುತ್ತದೆ. ಈ ಓಲಾಟವೇ ಆಟದಲ್ಲಿ ಕೆಲಸಕ್ಕೆ ಬರುವುದು. ಓಲಾಡುವ ಚೆಂಡಿನ ಅಕ್ಷ ಸುತ್ತು ಸುತ್ತಿಗೂ ಸರಿಯುತ್ತದೆ, ಪ್ರತಿ ಸುತ್ತಿನಲ್ಲೂ ಎಣ್ಣೆ ತಾಗದ ಹೊಸ ಮೈ ಲೇನಿಗೆ ಸಿಗುತ್ತದೆ. ಒಣಮೈ ಒಣನೆಲವನ್ನು ಹಿಡಿದಾಗ ಚೆಂಡು ತಿರುಗುತ್ತದೆ. ಓಲಾಡದ ಚೆಂಡು ಎಣ್ಣೆ ಮೆತ್ತಿದ ಅದೇ ಪಟ್ಟಿಯ ಮೇಲೆ ಕೊನೆಯವರೆಗೂ ಉರುಳುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋದ ತಿಂಗಳು ಮಗಳ ಜೊತೆ ಬೌಲಿಂಗ್ ಕೇಂದ್ರಕ್ಕೆ ಹೋಗಿ, ಚೆಂಡು ಯಂತ್ರದಿಂದ ಹಿಂದಿರುಗಿದ ಪ್ರತಿ ಸಲವೂ ಒರೆಸುವ ಮೊದಲು ಕೈಗೆತ್ತಿಕೊಂಡು ನೋಡಿದೆ. ಅವಳ ಗೆಳತಿಯ ಚೆಂಡಿನ ಮೇಲೆ ಎಣ್ಣೆಯ ಗೆರೆಗಳು ಬೀಸಣಿಗೆ ಬಿಚ್ಚಿದ ಹಾಗೆ ಒಂದರ ಪಕ್ಕ ಒಂದು, ಬೇರೆಬೇರೆಯಾಗಿ ಎಣಿಸುವಂತಿದ್ದವು. ನನ್ನ ಮಗಳ ಚೆಂಡಿನ ಮೇಲೆ ಒಂದೇ ಪಟ್ಟಿ, ಹೆಬ್ಬೆರಳಿನಷ್ಟು ಅಗಲ, ಬಳೆ ತೊಡಿಸಿದ ಹಾಗೆ. ಹೆಬ್ಬೆರಳಿಂದ ಒರೆಸಿದರೆ ಎಣ್ಣೆ ಮಂದವಾಗಿ ಅಂಟುತ್ತಿತ್ತು. ಲೇನ್ 60 ಅಡಿ. ಎಣ್ಣೆ ಮುಗಿದ ಮೇಲಿನ ಕೊನೆಯ ಭಾಗದಲ್ಲಿ ಚೆಂಡು ಎಡ ಅಂಚಿನಿಂದ ಒಳಗೆ ತಿರುಗಿ ಲೇನಿನ ತುದಿಯಲ್ಲಿ ನಿಲ್ಲಿಸಿದ, ಉರುಳಿಸಬೇಕಾದ 1 ಮತ್ತು 2ನೇ ಪಿನ್‌ಗಳ ನಡುವೆ ನುಗ್ಗಬೇಕು. ಇದು ತಿರುಗದೆ ನೆಟ್ಟಗೆ ಹೋಗಿ 2ನೇ ಪಿನ್ನನ್ನು ಸವರಿ ಹಿಂದಿನ ಹಳ್ಳಕ್ಕೆ ಬೀಳುತ್ತಿತ್ತು. ಅದೇ ಕೈ, ಅದೇ ಮಧ್ಯಾಹ್ನ, ಗೆಳತಿಯ ಚೆಂಡನ್ನು ಬೆರಳು ಸರಿಯಾಗಿ ಕೂರದಿದ್ದರೂ ಎಸೆದಾಗ ಅದು ತಿರುಗಿತು. ಗೆಳತಿಯೂ ಎಡಚಿಯೇ. ಹಾಗಾದರೆ ಕೈಯ ತಿರುವಿಗೆ ಏನಾಗಿದೆ?

ಮೇಲ್ಮೈ ಮುಖ್ಯ, ಲೇಔಟ್ ಆಮೇಲಿನದು ಎಂದು ನಿಮ್ಮವರು ವಾದಿಸಿದರು. ಒಪ್ಪುತ್ತೇನೆ, ಚೆಂಡಿನ ಮೈ ಒರಟೋ ನುಣುಪೋ ಎಂಬುದರ ಮೇಲೆಯೇ ಬಹುಪಾಲು ನಿಂತಿದೆ. ಅವರ ಮಾತಿಗೆ 500 ರೂಪಾಯಿ ತೆತ್ತು ಹೊಳಪನ್ನೂ ಉಜ್ಜಿ ತೆಗೆಸಿ ಮೈಯನ್ನು ಒರಟು ಮಾಡಿಸಿದೆವು. ಆಗ ಅದು ಎಣ್ಣೆಯಲ್ಲಿದ್ದಾಗಲೇ ಹಿಡಿದುಕೊಂಡು, ಪಿನ್‌ಗಳ ಹತ್ತಿರ ಬರುವಷ್ಟರಲ್ಲಿ ದಣಿದು ಸಪ್ಪೆಯಾಯಿತು. ಮದ್ದು ಕೊಟ್ಟದ್ದು ಬೇರೆ ರೋಗಕ್ಕೆ.

ಕೊನೆಯ ಫೋನಿನಲ್ಲಿ ನಿಮ್ಮ ಡ್ರಿಲ್ಲರ್ ಸೂಚಿಸಿದ ಉಪಾಯ ನನಗೆ ಇನ್ನೂ ಆಶ್ಚರ್ಯ. ಬದಿಯಲ್ಲಿ ನಾಲ್ಕನೇ ತೂತೊಂದನ್ನು ಕೊರೆದರೆ ತೂಕದ ಹಂಚಿಕೆ ಬದಲಾಗಿ ಓಲಾಟ ಬರುತ್ತದಂತೆ. ಬರಬಹುದು. ಆದರೆ ಬೆರಳು ಇಡದ ತೂಕದ ತೂತನ್ನು ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ 2020ರ ಆಗಸ್ಟ್ 1ರಿಂದಲೇ ನಿಷೇಧಿಸಿದೆ. ತೂತು ಇದ್ದರೆ ಅದು ಹಿಡಿತಕ್ಕಾಗಿಯೇ ಇರಬೇಕು. ನಾಳೆ ಕೂಟದಲ್ಲಿ ಚೆಂಡು ಪರೀಕ್ಷಿಸುವವರು ಇದನ್ನು ಪಕ್ಕಕ್ಕಿಟ್ಟರೆ ಆ ಹುಡುಗಿ ಯಾರ ಮುಖ ನೋಡಬೇಕು? ಲೇಔಟ್ ಹಾಕುವ ಅಂಗಡಿಯವರಿಗೆ ಈ ನಿಯಮ ಗೊತ್ತಿಲ್ಲವೆಂದರೆ ನಂಬಲಾರೆ. ಗೊತ್ತಿದ್ದೂ ಹೇಳಿದ್ದರೆ ಅದು ಇನ್ನೂ ಕೆಟ್ಟದ್ದು.

ನಾನು ಕೇಳುವುದು ಇಷ್ಟು. ಈಗಿನ ಮೂರೂ ತೂತುಗಳನ್ನು ನಿಮ್ಮ ಖರ್ಚಿನಲ್ಲಿ ರಾಳ ತುಂಬಿ ಮುಚ್ಚಿ (ಪ್ಲಗ್ ಮಾಡಿ), ರಾಳ ಪೂರ್ತಿ ಗಟ್ಟಿಯಾದ ಮೇಲೆ, ಜಾಬ್ ಕಾರ್ಡಿನಲ್ಲಿರುವ ಲೇಔಟಿಗೇ ಮತ್ತೆ ಕೊರೆದುಕೊಡಿ. ಹೆಬ್ಬೆರಳಿನ ತೂತಿನ ಅಳತೆ, ಓರೆ, ಬೆರಳುಗಳ ನಡುವಿನ ಅಂತರ ಇವನ್ನು ಮುಟ್ಟಬೇಡಿ, ಅವು ಅವಳ ಕೈಗೆ ಚೆನ್ನಾಗಿ ಕೂತಿವೆ; ಅಷ್ಟರಮಟ್ಟಿಗೆ ನಿಮ್ಮವರ ಕೈ ಒಳ್ಳೆಯದೇ. ಡ್ರಿಲ್ ಬಿಟ್ ಇಳಿಸುವ ಮೊದಲು ಗುರುತು ಹಾಕಿದ ಚೆಂಡಿನ ಫೋಟೋ ನನಗೆ ಕಳುಹಿಸಿ. ಹೊಳಪು ಉಜ್ಜಿ ತೆಗೆದ 500 ರೂಪಾಯಿ ಹಿಂದಿರುಗಿಸಿ. ಪ್ಲಗ್ ಮಾಡಲಾಗದಿದ್ದರೆ ಇದೇ ಮಾದರಿಯ ಹೊಸ ಚೆಂಡು ಕೊಡಿ.

ಈ ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಹಾಗಾಗಿ ಓಡಾಟ ಬೀಳುವುದು ತುಮಕೂರಿಗೆ ಬರಬೇಕಾದ ನಿಮಗೆ.

ಚೆಂಡನ್ನು ಒರೆಸದೆ, ಎಣ್ಣೆಯ ಪಟ್ಟಿ ಇದ್ದ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೇನೆ. ಯಾವ ದಿನ ತರಬೇಕೆಂದು ತಿಳಿಸಿ. ಫೋನ್ ಮಾಡುವುದಾದರೆ ಸಂಜೆ ಆರರ ನಂತರ ಮಾಡಿ, ಹಗಲಿನಲ್ಲಿ ಮೆಷಿನ್ ಸದ್ದಿಗೆ ಕೇಳಿಸುವುದಿಲ್ಲ.

ಇಂತಿ,
ಆಟಗಾರ್ತಿಯ ತಂದೆ

ಲಗತ್ತು: ಬಿಲ್ಲಿನ ಪ್ರತಿ, ಜಾಬ್ ಕಾರ್ಡಿನ ಪ್ರತಿ, ಚೆಂಡಿನ ಮೇಲೆ ಟೇಪ್ ಹಿಡಿದು ತೆಗೆದ ನಾಲ್ಕು ಫೋಟೋಗಳು