ಭಾನುವಾರಕ್ಕೆ ಮೊದಲು, ಪುಟ್ಟಿಗೆ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಾನು ಕೂಗಬಾರದಿತ್ತು. ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಮಲಗುವಾಗ ಒಂದೇ ಮಾತು ಹೇಳಿದಳು, "ಅವಳು ಮನೆ ಹೇಗಿದೆ ಅಂತ ಹೇಳ್ತಿದ್ದಳು. ನೀವು ಕೇಳಿಸಿಕೊಳ್ಳಲೇ ಇಲ್ಲ." ನಿಜ. ನೀವು ಕೊಳ್ಳಬೇಕು ಅಂತಿರುವ ಮನೆಗೆ ದೊಡ್ಡ ಕಿಟಕಿ ಇದೆ ಅಂತ ನೀನು ಅಂದೆ, ಮೇಲೊಂದು ಸಣ್ಣ ರೂಮಿದೆ, ಅಲ್ಲಿ ಕೂತು ಕೆಲಸ ಮಾಡಬಹುದು ಅಂದೆ. ಆಮೇಲೆ "ಭಾನುವಾರ ಸಂಜೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಇನ್ನೊಂದು ಪಾರ್ಟಿಗೆ ಕೊಟ್ಟುಬಿಡ್ತಾರಂತೆ" ಅಂದೆಯಲ್ಲ, ಅಲ್ಲಿಂದ ಮುಂದೆ ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ.

"ನೀವ್ಯಾವಾಗ್ಲೂ ಹೀಗೇ ಅಪ್ಪಾ" ಅಂದೆ. ಯಾಕೆ ಹೀಗೆ ಅಂತ ನಾನು ನಿನಗೆ ಯಾವತ್ತೂ ಹೇಳಿಲ್ಲ. ನಾವು ಕೊಳ್ಳಬೇಕಿದ್ದ ಮನೆ ಕೈತಪ್ಪಿದ ಮೇಲಿನ ಎರಡು ವರ್ಷ ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಅದಕ್ಕೆ ಮೊದಲಿನ ಒಂದು ಗಂಟೆ ಮಾತ್ರ ನಿನಗೆ ಗೊತ್ತಿಲ್ಲ.

ಮಾರುವವರು ತುಂಬಾ ಮರ್ಯಾದಸ್ಥರು. ಗಟ್ಟಿಯಾಗಿ ಮಾತಾಡಿದವರಲ್ಲ. ನನ್ನನ್ನು ಕೂರಿಸಿ, "ನಿಮ್ಮಂಥವರ ಕೈಗೆ ಈ ಮನೆ ಹೋದರೆ ನನಗೂ ಸಮಾಧಾನ" ಅಂದರು. ಅಷ್ಟರಲ್ಲಿ ಅವರ ಫೋನ್ ಬಂತು. "ಹೌದು, ಇನ್ನೂ ಕೊಟ್ಟಿಲ್ಲ. ಸಂಜೆ ಬನ್ನಿ, ಮಾತಾಡೋಣ" ಅಂತ ಹೇಳಿ ಇಟ್ಟರು. ಆ ಕಡೆ ನಿಜವಾಗಲೂ ಯಾರಾದರೂ ಇದ್ದರಾ ಅಂತ ಇವತ್ತಿಗೂ ಯೋಚಿಸುತ್ತೇನೆ. ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಕರಾರು ಪತ್ರ, ಆಗಲೇ ಟೈಪ್ ಆಗಿತ್ತು.

ನಾನು ಹೇಳಬೇಕಾದ್ದನ್ನು ಹೇಳಿದೆ ಪುಟ್ಟಿ. "ಪತ್ರಗಳನ್ನು ಒಮ್ಮೆ ವಕೀಲರಿಗೆ ತೋರಿಸಿ ನಾಳಿದ್ದು ಬರುತ್ತೇನೆ" ಅಂದೆ. ಅವರಿಗೆ ಕೋಪ ಬರಲಿಲ್ಲ. ನಕ್ಕರು. "ದುಡ್ಡಿನ ತೊಂದರೆ ಇದ್ದರೆ ಹೇಳಿಬಿಡಿ, ಸಂಕೋಚ ಬೇಡ" ಅಂದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳ ತೆಗೆದು, ಅದನ್ನು ಹಿಂದಕ್ಕೆ ಸಿಕ್ಕಿಸಿ, ನನ್ನ ಕಡೆ ಚಾಚಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಏನೂ ಮಾತಾಡಲಿಲ್ಲ. ಹಾಗೇ ಹಿಡಿದುಕೊಂಡಿದ್ದರು.

ನಾನು ತೆಗೆದುಕೊಂಡೆ.

ಆ ಕೈ ಗಾಳಿಯಲ್ಲಿ ಹಾಗೇ ಇರುವುದನ್ನು ನೋಡೋಕೆ ನನ್ನಿಂದ ಆಗಲಿಲ್ಲ. ಅಷ್ಟೇ ಕಾರಣ. ಮನೆ ಕೈತಪ್ಪುತ್ತದೆ ಅನ್ನುವ ಭಯವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಇದ್ದದ್ದು ಮುಜುಗರ. ಇವನ ಹತ್ತಿರ ದುಡ್ಡಿಲ್ಲ ಅಂದುಕೊಳ್ಳುತ್ತಾರೆ, ಇವನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ. ಇನ್ನು ಯಾವತ್ತೂ ನೋಡಬೇಕಾಗಿಲ್ಲದ ಒಬ್ಬ ಮನುಷ್ಯ ನನ್ನ ಬಗ್ಗೆ ಏನಂದುಕೊಳ್ಳುತ್ತಾನೆ ಅನ್ನುವುದಕ್ಕೆ ಸಹಿ ಹಾಕಿದೆ.

ಮನೆಯಲ್ಲಿ ಅವರ ತಂಗಿಗೂ ಸಮಪಾಲು ಇತ್ತು. ಆಕೆ ಮಾರೋಕೆ ಒಪ್ಪಿರಲಿಲ್ಲ. ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅಡ್ವಾನ್ಸ್ ಬಂದರೆ ತಂಗಿ ಒಪ್ಪಿಯಾಳು ಅಂದುಕೊಂಡಿದ್ದರೇನೋ. ಕರಾರಿನಲ್ಲಿ "ಕೊಳ್ಳುವವರು ಹಿಂದೆ ಸರಿದರೆ ಮುಂಗಡ ವಾಪಸ್ ಇಲ್ಲ" ಅಂತ ಇತ್ತು. ಮಾರುವವರಿಂದ ಮಾರೋಕೆ ಆಗದಿದ್ದರೆ ಏನು ಅನ್ನುವ ಸಾಲು ಇರಲೇ ಇಲ್ಲ. ಎರಡು ವರ್ಷ ನಾಲ್ಕು ತಿಂಗಳಿಗೆ ಅರ್ಧ ದುಡ್ಡು ಬಂತು, ಮೂರು ಕಂತಿನಲ್ಲಿ.

ಆ ದುಡ್ಡು ನಿನ್ನ ಓದಿಗೆ ಇಟ್ಟದ್ದು. ನಿನಗೆ ಸೀಟು ಸಿಕ್ಕಾಗ "ಅಷ್ಟು ದೂರ ಕಳಿಸಲ್ಲ" ಅಂತ ನಾನು ಹಟ ಹಿಡಿದೆನಲ್ಲ, ದೂರ ಅಲ್ಲ ಕಣಮ್ಮ. ದುಡ್ಡಿರಲಿಲ್ಲ. ಅಪ್ಪ ಹಳೇ ಕಾಲದವನು ಅಂತ ನೀನು ಅಂದುಕೊಂಡರೂ ಪರವಾಗಿಲ್ಲ, ಮೋಸ ಹೋದವನು ಅಂತ ಗೊತ್ತಾಗಬಾರದು ಅನ್ನಿಸಿತ್ತು. ಅಲ್ಲೂ ಅದೇ ಮುಜುಗರ. ಎಷ್ಟೋ ಸಲ ಹೇಳಬೇಕು ಅಂದುಕೊಂಡು ಸುಮ್ಮನಾದೆ. ಕ್ಷಮಿಸು.

ಈಗ ನಿನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಬುದ್ಧಿ ಹೇಳಬಾರದು ಅಂದುಕೊಂಡೇ ಕೂತಿದ್ದೇನೆ.

ಭಾನುವಾರವೇ ಯಾಕೆ ಅಂತ ಅವರನ್ನು ಕೇಳಿದೆಯಾ? ಮೆತ್ತಗೆ ಕೇಳು. ಕೆಲವು ಸಲ ನಿಜವಾದ ಕಾರಣವೇ ಇರುತ್ತದೆ. ಅವರೂ ಬೇರೆ ಮನೆ ಕೊಳ್ಳುತ್ತಿರಬಹುದು, ಅಲ್ಲಿ ದುಡ್ಡು ಕಟ್ಟಬೇಕಾಗಿರಬಹುದು. ಹಾಗಿದ್ದರೆ ಒಳ್ಳೆಯದೇ. ಅವರಿಗೆ ಬೇಕಾದ್ದು ಬೇಗ ಮುಗಿಯುವುದು, ನಿನಗೆ ಬೇಕಾದ್ದು ಪತ್ರಗಳು. ಪತ್ರ ಇವತ್ತು ಕೊಟ್ಟರೆ ನಾನೂ ಬೇಗ ಮುಗಿಸುತ್ತೇನೆ ಅನ್ನು. ಕಾರಣ ಹೇಳದೆ ಬರೀ ಇನ್ನೊಂದು ಪಾರ್ಟಿಯ ಮಾತೇ ಬಂದರೆ ಯೋಚಿಸು. ಕೈಯಲ್ಲಿ ಬೇರೆ ಗಿರಾಕಿ ಇದ್ದವರು ನಿನಗೆ ದಿನಕ್ಕೆ ಮೂರು ಸಲ ಯಾಕೆ ಫೋನ್ ಮಾಡುತ್ತಾರೆ?

ಬಾಡಿಗೆ ಮನೆ ಬಿಡೋಕೆ ಮುಂದಿನ ತಿಂಗಳೇ ಕೊನೆ ಅಂತ ಅವರಿಗೆ ಹೇಳಿಬಿಟ್ಟೆ ಅಂದೆ. ಅದನ್ನು ಹೇಳಬಾರದಿತ್ತು. ಎಷ್ಟರವರೆಗೆ ಕೊಡಬಲ್ಲೆ ಅನ್ನುವುದನ್ನಾದರೂ ಹೇಳಬೇಡ. ಬೇಕಾದರೆ ಒಂದೆರಡು ತಿಂಗಳು ಸಾಮಾನೆಲ್ಲ ತಂದು ನಮ್ಮ ಜೊತೆ ಇರಿ. ಆ ಒಂದು ದಾರಿ ಇದೆ ಅಂತ ಮನಸ್ಸಿನಲ್ಲಿದ್ದರೆ ನಿನ್ನ ದನಿಯೇ ಬದಲಾಗುತ್ತದೆ.

ಪತ್ರಗಳನ್ನು ನೀನೇ ಗೊತ್ತುಮಾಡಿದ ವಕೀಲರಿಗೆ ತೋರಿಸು, ಅವರು ಹೇಳಿದವರಿಗೆ ಅಲ್ಲ. ಮನೆ ಯಾರ್ಯಾರ ಹೆಸರಿನಲ್ಲಿದೆ, ಎಲ್ಲರೂ ಸಹಿ ಹಾಕುತ್ತಾರಾ ನೋಡು. ಮನೆ ಮೇಲೆ ಸಾಲ ಇದ್ದರೆ ಎಷ್ಟು ಬಾಕಿ ಅಂತ ಆ ಬ್ಯಾಂಕಿನಿಂದಲೇ ಕಾಗದ ಬರಲಿ. ನಿನ್ನ ಸಾಲವೂ ಅಷ್ಟೇ, ಸಿಗುತ್ತದೆ ಅಂತ ಬ್ಯಾಂಕಿನವರು ಬಾಯಲ್ಲಿ ಹೇಳಿದ್ದನ್ನು ನಂಬಿ ದುಡ್ಡು ಕೊಡಬೇಡ. ಅವರು ಮನೆಗೆ ತಮ್ಮದೇ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಅದು ಕಡಿಮೆ ಬಂದರೆ ಸಾಲವೂ ಕಡಿಮೆ, ಮಿಕ್ಕಿದ್ದು ನಿನ್ನ ತಲೆ ಮೇಲೆ. ಅಡ್ವಾನ್ಸ್ ಕೊಡಲೇಬೇಕು ಅನ್ನಿಸಿದರೆ ಸಣ್ಣ ಮೊತ್ತ ಕೊಡು, ಬ್ಯಾಂಕ್ ಮೂಲಕವೇ ಕೊಡು. ಪತ್ರ ಸರಿ ಇಲ್ಲದಿದ್ದರೆ, ಸಾಲ ಸಿಗದಿದ್ದರೆ, ಅವರಿಂದ ಮಾರೋಕೆ ಆಗದಿದ್ದರೆ, ಇಷ್ಟು ದಿನದೊಳಗೆ ಪೂರ್ತಿ ವಾಪಸ್ ಅಂತ ಬರೆಸಿಕೋ. ಈ ಸಾಲನ್ನು ಬಿಡಬೇಡ. "ಅದೆಲ್ಲ ಯಾಕೆ, ನಾನಿಲ್ಲವಾ" ಅಂತಾರೆ. ಅಂದಾಗಲೂ ಬಿಡಬೇಡ.

ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅದನ್ನು ಮುಟ್ಟಿ ನೋಡು. ಮಳೆ ನಿಂತ ಮೇಲೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ ಬಾ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೋಡು.

ಬೆಲೆಯ ಬಗ್ಗೆಯೂ ಒಂದು ಮಾತು. ಆ ಗಲಾಟೆ ಮುಗಿದ ಮೇಲೆ ಮನೆ ಕೊಳ್ಳುವುದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಬಗ್ಗೆ ಬರೆದಿದ್ದಾರೆ. ಅಮೆರಿಕದ ಟೂಸಾನ್‌ನಲ್ಲಿ ಒಂದೇ ಮನೆಯನ್ನು ವಿದ್ಯಾರ್ಥಿಗಳಿಗೂ, ಮನೆ ಮಾರಿಸುವುದೇ ಕಸುಬಾಗಿದ್ದ ಏಜೆಂಟರಿಗೂ ತೋರಿಸಿದರು. ಮಾರುವವರು ಕೇಳುತ್ತಿರುವ ಬೆಲೆ ಅಂತ ಬೇರೆ ಬೇರೆಯವರಿಗೆ ಬೇರೆ ಬೇರೆ ಅಂಕಿ ಕೊಟ್ಟರು. ಜಾಸ್ತಿ ಅಂಕಿ ನೋಡಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು. ಏಜೆಂಟರೂ ಹಾಗೇ ಮಾಡಿದರು, ಆದರೆ ಆ ಅಂಕಿ ನೋಡಿ ಲೆಕ್ಕ ಹಾಕಿದೆವು ಅಂತ ಒಪ್ಪಿಕೊಂಡವರು ಅವರಲ್ಲಿ ಕಡಿಮೆ. ದಿನಾ ಅದೇ ಕೆಲಸ ಮಾಡುವವರಿಗೇ ಹೀಗಾದರೆ ನಮಗೆ ಹೇಗಾಗಬೇಡ? ಅದಕ್ಕೇ ಅವರ ಅಂಕಿಯನ್ನು ಪಕ್ಕಕ್ಕಿಡು. ಅಕ್ಕಪಕ್ಕದಲ್ಲಿ ಇತ್ತೀಚೆಗೆ ಇಂಥದೇ ಮನೆ ಎಷ್ಟಕ್ಕೆ ಹೋಗಿದೆ ಅಂತ ವಿಚಾರಿಸಿ, ನಿನ್ನದೊಂದು ಅಂಕಿ ಹಾಳೆಯಲ್ಲಿ ಬರೆದು ಮನೆಯಲ್ಲಿಟ್ಟು ಹೋಗು.

ನೋಡು, ಬುದ್ಧಿ ಹೇಳುವುದಿಲ್ಲ ಅಂದವನು ಎರಡು ಪುಟ ಹೇಳಿಬಿಟ್ಟೆ.

ಅಮ್ಮನಿಂದ ಇವತ್ತು ಬೆಳಿಗ್ಗೆ ಗೊತ್ತಾಯಿತು, ಮೂಲ ಪತ್ರಗಳನ್ನು ನೋಡದೆ ದುಡ್ಡು ಕೊಡುವುದಿಲ್ಲ ಅಂತ ನೀನು ಅವರ ಮುಖಕ್ಕೇ ಹೇಳಿದ್ದೀಯಂತೆ. ಅವರು ಮುಖ ಗಂಟು ಹಾಕಿಕೊಂಡರೂ ನೀನು ಎದ್ದು ಬಂದೆಯಂತೆ. ಅದನ್ನು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಹೇಗೆ ಬರೆಯಲಿ. ನಾನು ಆ ಕುರ್ಚಿಯಿಂದ ಏಳಲಿಲ್ಲ, ನೀನು ಎದ್ದೆ.

ಆದರೂ ಹೆದರಿಕೆ ಹೋಗುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಯಾರಿಗೂ ಬೇಜಾರಾಗಬಾರದು ಅಂತ ನೋಡುವವಳು ನೀನು. ಅದು ನನ್ನಿಂದಲೇ ಬಂದದ್ದು. ಶನಿವಾರ ಅವರು ಮತ್ತೆ ಫೋನ್ ಮಾಡಿದಾಗ, ಒಳ್ಳೆಯ ದನಿಯಲ್ಲಿ, ನಿಮಗೋಸ್ಕರ ಇಟ್ಟಿದ್ದೀನಿ ಅಂದಾಗ, ನೀನು ಏನು ಹೇಳುತ್ತೀಯ? ಇಷ್ಟು ಹೇಳಿದರೆ ಸಾಕು, "ಪತ್ರ ನೋಡಿದ ಮೇಲೆ ಹೇಳ್ತೀನಿ. ಈಗಲೇ ಹೇಳಬೇಕು ಅಂದ್ರೆ ಬೇಡ ಅಂತಲೇ ಹೇಳ್ತೀನಿ." ಆಮೇಲೆ ಸುಮ್ಮನಿರು. ಅವರು ಸುಮ್ಮನಿದ್ದರೂ ನೀನು ಮಾತು ಹುಡುಕಬೇಡ. ಕೈ ಚಾಚಿದ್ದರೆ ಚಾಚಿಕೊಂಡಿರಲಿ.

ಮನೆ ಕೊಳ್ಳು, ಬಿಡು, ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ಕೊಂಡರೆ ಮೇಲಿನ ಆ ಸಣ್ಣ ರೂಮನ್ನು ಮೊದಲು ನನಗೆ ತೋರಿಸಬೇಕು.

ಇದರ ಜೊತೆ ನನ್ನ ಆ ಕರಾರು ಪತ್ರದ ಜೆರಾಕ್ಸ್ ಇಟ್ಟಿದ್ದೇನೆ. ಇಷ್ಟು ವರ್ಷ ಬೀರುವಿನಲ್ಲಿ ಬಟ್ಟೆ ಕೆಳಗೆ ಇಟ್ಟಿದ್ದೆ, ಅಮ್ಮನಿಗೂ ತೋರಿಸಿಲ್ಲ. ಎರಡನೇ ಹಾಳೆಯ ಕೆಳಗೆ ನನ್ನ ಸಹಿ ಇದೆ ನೋಡು. ನಿನ್ನ ಅಂಕಪಟ್ಟಿಗಳ ಮೇಲೆ ಹಾಕುತ್ತಿದ್ದ ಸಹಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನಿನ್ನ
ಅಪ್ಪ