ಚಕ್ರದ ಸಾಲಿನಲ್ಲಿ ನಿಲ್ಲಬೇಡ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಹೊರಡುವ ಮುನ್ನ ನಾವಿಬ್ಬರೂ ನೆಟ್ಟಗೆ ಮಾತಾಡಲೇ ಇಲ್ಲ. ಅಮ್ಮ ನಡುವೆ ನಿಂತು ನಿನ್ನ ಮಾತನ್ನು ನನಗೆ, ನನ್ನ ಮಾತನ್ನು ನಿನಗೆ ದಾಟಿಸಿದ್ದೇ ಬಂತು. ಟರ್ಬೈನಿನಂಥ ಯಂತ್ರಗಳ ತಿರುಗುವ ಭಾಗವಾದ ರೋಟರನ್ನು ಪರೀಕ್ಷಿಸುವ ಕೆಲಸ ಬೇಡ, ವಿನ್ಯಾಸ ವಿಭಾಗದಲ್ಲಿ ಜಾಗ ಕೇಳು ಎಂದು ನಾನು ಹಟ ಹಿಡಿದೆ. ‘ಜೀವಮಾನವಿಡೀ ಲೇಥಿನ ಮುಂದೆ ನಿಂತವರು ನೀವು. ನನಗೆ ಬೇಡ ಎನ್ನುತ್ತೀರಾ?’ ಎಂದು ನೀನು ಕೇಳಿದೆ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಆ ಮಾತಿಗೆ ಕ್ಷಮೆ ಇರಲಿ. ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದನ್ನು ಆಡಿಸಿದ ಭಯ ಮಾತ್ರ ಅಲ್ಲೇ ಕೂತಿದೆ.

ಸಾಣೆಕಲ್ಲು ಒಡೆದದ್ದು ನಿನಗೆ ಗೊತ್ತು. ಹೇಗೆ ಒಡೆಯಿತು, ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಹೇಳಿರಲಿಲ್ಲ. ನಾನಾಗ ಅಪ್ರೆಂಟಿಸ್. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಟರ್ನರ್, ಅಂದರೆ ಲೇಥಿನಲ್ಲಿ ಲೋಹ ಕಡೆಯುವವರು, ಗ್ರೈಂಡರಿಗೆ 300 ಮಿಲಿಮೀಟರ್ ವ್ಯಾಸದ ಹೊಸ ಕಲ್ಲು ಕೂರಿಸಿದರು. ಕಲ್ಲಿನ ಎರಡೂ ಬದಿಗೆ ಒಂದು ದುಂಡು ಕಾಗದ ಅಂಟಿಸಿರುತ್ತಾರೆ. ಅದು ತಯಾರಕರ ಹೆಸರು ಹಾಕಲಿಕ್ಕೆ ಮಾತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಲ್ಲನ್ನು ಎರಡು ಕಡೆಯಿಂದ ಬಿಗಿಹಿಡಿಯುವ ಉಕ್ಕಿನ ಬಿಲ್ಲೆಗಳ ಒತ್ತಡ ಒಂದೇ ಕಡೆ ಬೀಳದೆ ಸಮನಾಗಿ ಹರಡಲಿ ಎಂದು ಆ ಕಾಗದ. ಗರಿಷ್ಠ ವೇಗವನ್ನೂ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಕಲ್ಲಿಗೆ ಇದ್ದದ್ದು ನಿಮಿಷಕ್ಕೆ 2100 ಸುತ್ತು. ಗ್ರೈಂಡರಿನ ಹಳೆಯ ಮೋಟಾರು ಸುಟ್ಟುಹೋಗಿ ಬೇರೊಂದನ್ನು ಹಾಕಿಸಿದ್ದರು. ಅದರ ವೇಗ 2880. ಎರಡು ಸಂಖ್ಯೆಗಳೂ ಎಲ್ಲರ ಕಣ್ಣೆದುರಿಗೇ ಇದ್ದವು. ಒಂದು ಕಾಗದದ ಮೇಲೆ, ಇನ್ನೊಂದು ಮೋಟಾರಿನ ತಗಡಿನ ಮೇಲೆ. ಪಕ್ಕಪಕ್ಕದಲ್ಲಿಟ್ಟು ಓದಿದವರು ಯಾರೂ ಇಲ್ಲ.

ಸ್ವಿಚ್ ಇದ್ದದ್ದು ಗ್ರೈಂಡರಿನ ಪಕ್ಕದ ಕಂಬದಲ್ಲಿ. ಅದನ್ನು ಒತ್ತಲು ನನ್ನನ್ನು ನಿಲ್ಲಿಸಿ ಅವರು ಕಲ್ಲಿನ ನೇರ ಎದುರು ನಿಂತರು. ಬಿಚ್ಚಿದ ಗಾರ್ಡನ್ನು, ಅಂದರೆ ಕಲ್ಲಿನ ರಕ್ಷಣಾ ಕವಚವನ್ನು, ಇನ್ನೂ ಹಾಕಿರಲಿಲ್ಲ. ಮೊದಲು ಕಲ್ಲು ಸರಿಯಾಗಿ ತಿರುಗುತ್ತದೆಯೋ ನೋಡೋಣ ಎಂದರು. ಸದ್ದು ಕೇಳಿಯೇ ಯಂತ್ರದ ಹದ ಹೇಳುತ್ತಿದ್ದವರು ಅವರು, ಅದಕ್ಕೇ ಮುಖವನ್ನು ಮುಂದೆ ಚಾಚಿದ್ದರು. ಕಲ್ಲು ಪೂರ್ತಿ ವೇಗಕ್ಕೆ ಏರಿತು. ಆಮೇಲೆ ಒಂದು ಸದ್ದು, ಅಷ್ಟೇ. ಕಲ್ಲು ಒಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಒಡೆದ ಮೇಲಿನದು ಕಾಣುತ್ತದೆ. ಅವರ ಭುಜದ ಮೂಳೆ ಪುಡಿಯಾಗಿತ್ತು. ಜೀವ ಉಳಿಯಿತು. ಲೇಥಿನ ಕೆಲಸಕ್ಕೆ ಮರಳಲಾಗಲಿಲ್ಲ.

ಎರಡು ಹೆಜ್ಜೆ ಪಕ್ಕದಲ್ಲಿದ್ದ ನನಗೆ ಒಂದು ಗೀರೂ ಆಗಲಿಲ್ಲ. ಮರುದಿನ ಹೋಗಿ ನೋಡಿದೆ: ಛಾವಣಿಯ ತಗಡಿನಲ್ಲಿ ಒಂದು ತೂತು, ಎದುರು ಗೋಡೆಯ ಗಾರೆಯಲ್ಲಿ ಒಂದು ಗುಳಿ, ನೆಲದಲ್ಲಿ ಒಂದು ಕಚ್ಚು. ಮೂರೂ ಒಂದೇ ಸಾಲಿನಲ್ಲಿದ್ದವು, ಬಡಗಿ ಬಣ್ಣದ ನೂಲು ಎಳೆದು ಗೆರೆ ಹೊಡೆದ ಹಾಗೆ. ಅವರು ನಿಂತಿದ್ದ ಜಾಗ ಆ ಗೆರೆಯ ಮೇಲಿತ್ತು. ಕಂಬ ಆ ಗೆರೆಯಿಂದ ಆಚೆಗಿತ್ತು.

ನಾನು ಓದಿದ್ದು ಕಡಿಮೆ. ಆದರೂ ಆ ಗೆರೆಯ ಅರ್ಥ ತಿಳಿಯದೆ ನನಗೆ ಬಿಡುಗಡೆ ಇರಲಿಲ್ಲ. ತಿರುಗುವ ಚಕ್ರದ ಪ್ರತಿ ಕಣವೂ ನೇರವಾಗಿ ಓಡಿಹೋಗಲು ನೋಡುತ್ತಿರುತ್ತದೆ, ಪಕ್ಕದ ಕಣಗಳು ಅದನ್ನು ಕೇಂದ್ರದ ಕಡೆಗೆ ಎಳೆದು ಹಿಡಿದಿರುತ್ತವೆ. ಬಿರುಕು ಬಿಟ್ಟೊಡನೆ ಆ ಹಿಡಿತ ತಪ್ಪುತ್ತದೆ. ಕೇಂದ್ರಾಪಗಾಮಿ ಬಲ ಚೂರನ್ನು ಹೊರಕ್ಕೆ ಎಸೆಯಿತು ಎನ್ನುತ್ತಾರೆ. ಎಸೆಯುವವರು ಯಾರೂ ಅಲ್ಲಿಲ್ಲ. ಹಿಡಿದುಕೊಂಡವರು ಕೈಬಿಟ್ಟರು, ಚೂರು ತಾನು ಆ ಕ್ಷಣ ಹೋಗುತ್ತಿದ್ದ ದಿಕ್ಕಿನಲ್ಲೇ ಸ್ಪರ್ಶಕ ರೇಖೆ ಹಿಡಿದು ನೆಟ್ಟಗೆ ಹೋಯಿತು. ಟೂಲ್ ಮಸೆಯುವಾಗ ಕಿಡಿಗಳ ಸಾಲನ್ನು ಗಮನಿಸು. ಕಲ್ಲಿಗೆ ತಾಗಿದ ಬಿಂದುವಿನಿಂದ ನೇರವಾಗಿ ಹೊರಡುತ್ತವೆ, ಚಕ್ರ ತಿರುಗುವ ಸಮತಲ ಬಿಟ್ಟು ಅತ್ತಿತ್ತ ಹೆಚ್ಚು ಸರಿಯುವುದಿಲ್ಲ. ಕಲ್ಲಿನ ಚೂರಿಗೂ ಅದೇ ದಾರಿ.

ಇನ್ನು ವೇಗದ ಲೆಕ್ಕ. 2100ರಿಂದ 2880 ಎಂದರೆ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ಏರಿಕೆ. ಕೇಳಲು ದೊಡ್ಡದಲ್ಲ. ಆದರೆ ಕಲ್ಲನ್ನು ಸೀಳಲು ನೋಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಂಚಿನ ವೇಗ ಸೆಕೆಂಡಿಗೆ 45 ಮೀಟರ್, ಅಂದರೆ ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು. ಆ ಕಂಬ ಗ್ರೈಂಡರಿನ ಎದುರಿಗಿದ್ದಿದ್ದರೆ? ಸ್ವಿಚ್ ಒತ್ತಿ ಬಾ, ನನ್ನ ಪಕ್ಕ ನಿಂತು ನೋಡು ಎಂದು ಅವರು ಕರೆದಿದ್ದರೆ? ಉಳಿದ ದಿನಗಳಲ್ಲಿ ಹಾಗೆಯೇ ಕರೆಯುತ್ತಿದ್ದರು, ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಲಿಸುತ್ತಿದ್ದರು. ಅಂದು ಏಕೆ ಕರೆಯಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯವೂ ಬರಲಿಲ್ಲ.

ಹೊಸ ಕಲ್ಲನ್ನು ಕೂರಿಸುವ ಮುಂಚೆ ನಡುವಿನ ತೂತಿಗೆ ಬೆರಳು ಹಾಕಿ ತೂಗಾಡಿಸಿ, ಮರದ ಹಿಡಿಯಿಂದ ಮೆಲ್ಲಗೆ ಬಡಿಯಬೇಕು. ಒಳ್ಳೆಯ ಕಲ್ಲು ‘ಠಣ್’ ಎನ್ನುತ್ತದೆ, ಬಿರುಕಿದ್ದರೆ ‘ಥಪ್’ ಎನ್ನುತ್ತದೆ. ಕಲ್ಲನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಬಡಿಯಬೇಕು. ಕೂರಿಸಿ, ಗಾರ್ಡ್ ಹಾಕಿದ ಮೇಲೆ ಒಂದು ನಿಮಿಷವಾದರೂ ಬರಿದೇ ಓಡಿಸಬೇಕು, ಆ ನಿಮಿಷ ಪಕ್ಕದಲ್ಲಿರಬೇಕು. ಕೆಲಸ ಇಡುವ ಆಸರೆಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಕೂಡದು, ಇದ್ದರೆ ಟೂಲ್ ಒಳಕ್ಕೆ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ನಿನಗೆ ಏಕೆ ಹೇಳುತ್ತಿದ್ದೇನೆ? ನೀನು ಪರೀಕ್ಷಿಸುವ ರೋಟರನ್ನು ಬೆರಳಿಗೆ ನೇತುಹಾಕಿ ಬಡಿದು ನೋಡಲಾಗುವುದಿಲ್ಲ. ಆದರೂ ಬರೆದೆ, ಇರಲಿ.

ನೀನು ಚಿಕ್ಕವಳಿದ್ದಾಗ ತಿರುಗುವ ಕುರ್ಚಿಯಲ್ಲಿ ಕೂತು ಸೈಕಲ್ ಚಕ್ರ ಹಿಡಿದ ಕಥೆ ಇಲ್ಲಿ ಬೇಡ, ಅದನ್ನು ಅಮ್ಮ ಎಲ್ಲರಿಗೂ ಹೇಳಿ ಮುಗಿಸಿದ್ದಾಳೆ. ನನಗೆ ನೆನಪಾಗುವುದು ಬಟ್ಟೆ ಒಗೆಯುವ ಯಂತ್ರದ ಪ್ರಶ್ನೆ. ಜೋರಾಗಿ ತಿರುಗುವಾಗ ಸುಮ್ಮನಿರುವ ಯಂತ್ರ ನಿಲ್ಲುವ ಮುಂಚೆ ಏಕೆ ಕುಣಿಯುತ್ತದೆ ಎಂದು ಕೇಳಿದ್ದೆ. ನನ್ನ ಬಳಿ ಉತ್ತರ ಇರಲಿಲ್ಲ. ಕಾಲೇಜು ಸೇರಿದ ಮೇಲೆ ನೀನೇ ಬಂದು ಹೇಳಿದೆ: ಸ್ಪ್ರಿಂಗುಗಳಿಗೆ ತೂಗುಬಿದ್ದ ಡ್ರಮ್ಮಿಗೆ ತನ್ನದೇ ಆದ ಒಂದು ಅಲುಗಾಟದ ಗತಿ ಇದೆ, ಸುತ್ತುವ ವೇಗ ಆ ಗತಿಗೆ ಹೊಂದಿದಾಗ ಅದು ಕುಣಿಯುತ್ತದೆ, ದಾಟಿದ ಮೇಲೆ ತಣ್ಣಗಾಗುತ್ತದೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಆ ಗಡಿ ದಾಟಲೇಬೇಕು. ಕಾಗದದ ಮೇಲೆ ಲೆಕ್ಕವನ್ನೂ ಮಾಡಿ ತೋರಿಸಿದೆ. ನಿಮಿಷಕ್ಕೆ 1200 ಸುತ್ತು, ಕೇಂದ್ರದಿಂದ 25 ಸೆಂಟಿಮೀಟರ್ ದೂರದಲ್ಲಿ ಅರ್ಧ ಕಿಲೋ ಒದ್ದೆ ಬಟ್ಟೆ ಒಂದೇ ಕಡೆ ಕೂತರೆ, ಅದು ಡ್ರಮ್ಮನ್ನು ಎಳೆಯುವ ಬಲ ಸುಮಾರು 2000 ನ್ಯೂಟನ್, ಎಂದರೆ 200 ಕಿಲೋ ಭಾರಕ್ಕೆ ಸಮ! ಆ ಕಾಗದ ನನ್ನ ಟೂಲ್ ಪೆಟ್ಟಿಗೆಯಲ್ಲಿ ಇನ್ನೂ ಇದೆ. ನಿನಗೆ ಹೇಳಿರಲಿಲ್ಲ.

ಡೆ ಲವಾಲ್ ಹೆಸರನ್ನು ನನಗೆ ಕಲಿಸಿದವಳೂ ನೀನೇ. ಆ ಗಡಿ ವೇಗದ ಆಚೆಗೆ ಶಾಫ್ಟನ್ನು ಓಡಿಸುವುದು ಆಗದ ಕೆಲಸ ಎಂದು 1869ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಬರೆದರು. ಹಾಗಾಗಿ ಶಾಫ್ಟನ್ನು ದಪ್ಪ ಮಾಡು, ಗಟ್ಟಿ ಮಾಡು ಎಂಬುದೇ ಆಗಿನ ಬುದ್ಧಿ. ನನ್ನಂಥ ಟರ್ನರನ ಬುದ್ಧಿಯೂ ಅದೇ. ಸ್ವೀಡನ್ನಿನ ಗುಸ್ತಾಫ್ ಡೆ ಲವಾಲ್ 1880ರ ದಶಕದಲ್ಲಿ ತಮ್ಮ ಉಗಿ ಟರ್ಬೈನಿಗೆ ಬಾಗುವಂಥ ಸಪೂರ ಶಾಫ್ಟ್ ಹಾಕಿ, ಗಡಿಯನ್ನು ದಾಟಿಸಿ, ನಿಮಿಷಕ್ಕೆ 30,000 ಸುತ್ತಿನವರೆಗೆ ಓಡಿಸಿದರು. ಗಡಿ ದಾಟಿದ ಚಕ್ರ ತನ್ನ ದ್ರವ್ಯರಾಶಿಯ ಕೇಂದ್ರವನ್ನು ತಾನೇ ಹುಡುಕಿಕೊಂಡು ಅದರ ಸುತ್ತ ತಿರುಗುತ್ತದೆ ಎಂದು ನೀನು ವಿವರಿಸಿದಾಗ ನಾನು ಹೂಂಗುಟ್ಟಿ ಎದ್ದುಹೋಗಿದ್ದೆ. ಅರ್ಥವಾಗದೆ ಅಲ್ಲ. ನಾನು ಕೈಯಿಂದ ಮುಟ್ಟಿ ತಿಳಿದದ್ದಕ್ಕಿಂತ ಹೆಚ್ಚನ್ನು ನೀನು ಮುಟ್ಟದೆಯೇ ತಿಳಿದೆಯಲ್ಲ ಎಂದು ಗಂಟಲು ಕಟ್ಟಿತ್ತು.

ಹಾಗಿದ್ದೂ ಜಗಳದ ದಿನ ನಾನು ಹಿಂಕ್ಲೆ ಪಾಯಿಂಟ್ ದುರಂತವನ್ನು ಎತ್ತಿ ನಿನ್ನ ಮೇಲೆ ಹಾಕಿದೆ. 1969ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಆ ವಿದ್ಯುತ್ ಸ್ಥಾವರದಲ್ಲಿ ಅತಿವೇಗದ ಪರೀಕ್ಷೆ ನಡೆಯುತ್ತಿದ್ದಾಗಲೇ ಟರ್ಬೈನಿನ ಡಿಸ್ಕ್ ಸಿಡಿಯಿತು. 3000 ಸುತ್ತಿನ ಯಂತ್ರ, ಆಗ ಇದ್ದ ವೇಗ ಸುಮಾರು 3200. ಡಿಸ್ಕಿನಲ್ಲಿ ಕೀಲಿ ಕೂರುವ ಕಚ್ಚಿನಲ್ಲಿ ತುಕ್ಕು ಮತ್ತು ಒತ್ತಡ ಎರಡೂ ಸೇರಿ ಹುಟ್ಟಿಸಿದ್ದ ಸಣ್ಣ ಬಿರುಕೇ ಅದಕ್ಕೆ ಮೂಲ. ‘ಅದಕ್ಕೇ ಅಲ್ಲವೇ ಅಪ್ಪಾ, ಈಗ ಕಾರ್ಖಾನೆಯಲ್ಲೇ ದಪ್ಪ ಕಾಂಕ್ರೀಟ್ ಗೋಡೆಯೊಳಗೆ ಓಡಿಸಿ ನೋಡುವುದು?’ ಎಂದು ನೀನು ಹೇಳಿದೆ. ಸರಿಯೇ. 3000ದ ರೋಟರನ್ನು ಶೇ 20 ಹೆಚ್ಚು ವೇಗದಲ್ಲಿ 3600ಕ್ಕೆ ಓಡಿಸಿದರೆ ಒತ್ತಡ ಶೇ 44 ಏರುತ್ತದೆ. ಅಲ್ಲಿ ತಡೆದುಕೊಂಡದ್ದು ಸ್ಥಾವರದಲ್ಲೂ ತಡೆದುಕೊಂಡೀತು ಎಂಬ ಭರವಸೆ ಹೆಚ್ಚು. ಗಾಳಿಯ ಉಜ್ಜುವಿಕೆಯಿಂದ ಶಕ್ತಿ ಪೋಲಾಗಿ ರೋಟರ್ ಕಾಯದಿರಲಿ ಎಂದು ಕೋಣೆಯನ್ನು ನಿರ್ವಾತ ಮಾಡುತ್ತಾರೆ ಎಂಬುದೂ ನಿನ್ನಿಂದಲೇ ತಿಳಿಯಿತು. ಯಾರಾದರೂ ಆ ಕೆಲಸ ಮಾಡಲೇಬೇಕು. ಆ ಯಾರೋ ನನ್ನ ಮಗಳಾಗಬೇಕೇ ಎಂಬಲ್ಲಿ ನನ್ನ ತರ್ಕ ಮುಗ್ಗರಿಸುತ್ತದೆ.

ಯಂತ್ರಾಂಗಣದಲ್ಲಿ ಲೇಥುಗಳೂ ಇರುತ್ತವೆ, ದೊಡ್ಡ ಯಂತ್ರಕ್ಕೆ ಹೆದರುವವರು ಅವುಗಳ ಮುಂದೆ ಸಲುಗೆಯಿಂದ ಓಡಾಡುತ್ತಾರೆ. ಕೂದಲು ಕಟ್ಟು. ಉದ್ದ ತೋಳಿನ ಅಂಗಿ ಬೇಡ, ಕೈಗವಸು ಬೇಡವೇ ಬೇಡ. 50 ಮಿಲಿಮೀಟರ್ ದಪ್ಪದ ಶಾಫ್ಟ್ ನಿಮಿಷಕ್ಕೆ 500 ಸುತ್ತು ತಿರುಗಿದರೆ ಸೆಕೆಂಡಿಗೆ 1.3 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ, ಒಂದು ಇಡೀ ತೋಳಿಗೆ ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ನಿನ್ನ ಕೈ ಸ್ವಿಚ್ ತಲುಪುವುದಿಲ್ಲ. ಲೋಹದ ತುಂಡನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಚಕ್‌ಗೆ ಹಾಕಿದ ಕೀಯನ್ನು ಕೈ ಬಿಡುವುದೇ ಅದನ್ನು ಹೊರತೆಗೆದ ಮೇಲೆ. ಸ್ವಿಚ್ ಆರಿಸಿದ ಮೇಲೂ ಚಕ್ರ ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ ಓಡುತ್ತಿರುತ್ತದೆ. ಸದ್ದಿಲ್ಲ ಎಂದು ಕೈ ಹಾಕಬೇಡ.

ಕಣ್ಣನ್ನೂ ನಂಬಬೇಡ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೂರು ದವಡೆಯ ಚಕ್ 2000 ಸುತ್ತಿನಲ್ಲಿ ತಿರುಗುತ್ತಿದ್ದರೆ ಪ್ರತಿ ಮಿನುಗಿಗೂ ಒಂದು ದವಡೆ ಮುಂದಿನದರ ಜಾಗಕ್ಕೆ ಬಂದು ಕೂತಿರುತ್ತದೆ, ಚಕ್ ನಿಂತೇ ಇದೆ ಎನಿಸುತ್ತದೆ. ಅದೇ 1000 ಸುತ್ತಿನಲ್ಲಿ ಆರು ದವಡೆ ಕಾಣುತ್ತವೆ. ಆರು ದವಡೆಯ ಚಕ್ ನಮ್ಮಲ್ಲಿ ಇಲ್ಲವಲ್ಲ ಎಂದು ಹೊಳೆದವರಿಗೆ ಮಾತ್ರ ಬೆರಳು ಉಳಿಯುತ್ತದೆ.

ಉಪದೇಶ ಮಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಕೂತಿದ್ದೆ, ಅವಳಿಗೆ ಈ ಪತ್ರ ತೋರಿಸುವಂತಿಲ್ಲ. ನಿನ್ನ ನೇಮಕದ ಪತ್ರವನ್ನು ಮಾತ್ರ ಅವಳಿಗಿಂತ ಹೆಚ್ಚು ಜನಕ್ಕೆ ತೋರಿಸಿದ್ದೇನೆ.

ಒಂದು ವಿಷಯ ತಿಳಿಸು. ನೀವು ಕೂತು ಮಾಪಕಗಳನ್ನು ನೋಡುವ ಕೋಣೆ ಎಲ್ಲಿದೆ? ರೋಟರಿನ ಅಕ್ಷದ ತುದಿಯ ಕಡೆಗೋ, ಅದು ತಿರುಗುವ ಸಮತಲದಲ್ಲೋ? ರೋಟರನ್ನು ಲಂಬವಾಗಿ ನೇತುಹಾಕುವ ಗುಂಡಿಯಾದರೆ ಸಮತಲ ನೆಲದ ಕೆಳಗೇ ಇರುತ್ತದೆ, ನನಗೆ ಸಮಾಧಾನ. ಅಡ್ಡ ಮಲಗಿಸುವ ಬಂಕರ್ ಆದರೆ ಗೋಡೆಗಳು ಯಾವ ಕಡೆ ದಪ್ಪ, ಬಾಗಿಲು ಯಾವ ಕಡೆ, ನಿನ್ನ ಕುರ್ಚಿ ಎಲ್ಲಿ, ಗುರುತು ಹಾಕಿ ನಕ್ಷೆ ಬರೆದು ಕಳಿಸು. ಅಳತೆಗಳು ಮೀಟರಿನಲ್ಲಿರಲಿ.

ನಿನ್ನ
ಅಪ್ಪ